ತೊಟ್ಟು, ದಂಟು, ವೃಂತ: ಒಂದು ಪರಿಭಾಷಾವಿಮರ್ಶೆ

ಕನ್ನಡದಲ್ಲಿ ಶಾಸ್ತ್ರವಿಷಯಗಳನ್ನು ಬರೆಯುವ ಪ್ರಯತ್ನ ಇಂದು ನಿನ್ನೆಯದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದರು. ವೆಂಕಟನಾರಣಪ್ಪನವರ ‘ಜೀವವಿಜ್ಞಾನ’ವು 1939ರಲ್ಲಿಯೂ, ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿಯೂ ಬೆಳಕಿಗೆ ಬಂದವು. ಆದರೂ ಪಾರಿಭಾಷಿಕ ಶಬ್ದಗಳ ಔಚಿತ್ಯವಿಚಾರವು ಮುಗಿದಿಲ್ಲ. ಎಲೆ, ಹೂ, ಕಾಯಿಗಳನ್ನು ಹೊತ್ತು ನಿಲ್ಲುವ ಕಿರಿಯ ಅಂಗದ ಹೆಸರುಗಳನ್ನು ಪರೀಕ್ಷಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಪಾಶ್ಚಾತ್ಯ ಸಸ್ಯಶಾಸ್ತ್ರದಲ್ಲಿ ಎಲೆಯ ತೊಟ್ಟಿಗೆ ಪೆಟಿಯೋಲ್ ಎಂದೂ, ಒಂದೊಂದು ಹೂವಿನ ತೊಟ್ಟಿಗೆ ಪೆಡಿಸೆಲ್ ಎಂದೂ, ಹೂಗೊಂಚಲನ್ನು ಹೊರುವ ದಂಟಿಗೆ ಪೆಡಂಕಲ್ ಎಂದೂ ಹೆಸರು. ಇವೆಲ್ಲಕ್ಕೂ ಮೂಲವು ಪಾದವೆಂಬ ಅರ್ಥವುಳ್ಳ ಲ್ಯಾಟಿನ್ ಪದವೆಂದು ಹೇಳುವರು. ಅಲ್ಲಿನ ದೃಷ್ಟಿಗೆ ಈ ಅಂಗವು ಪುಟ್ಟ ಕಾಲು. ಅಮರಕೋಶವಾದರೋ ವೃಂತವನ್ನು ಹೂಕಾಯಿಗಳ ಬಂಧನವೆಂಬರ್ಥದಲ್ಲಿ ವಿವರಿಸುತ್ತದೆ. ಕನ್ನಡದ ‘ತೊಟ್ಟು’ ಈ ಎರಡನೆಯ ದೃಷ್ಟಿಗೇ ಸಮೀಪವಾದುದು. ಹಣ್ಣು ತೊಟ್ಟು ಕಳಚಿತೆನ್ನುವಾಗ ಬಂಧನವು ಬಿಟ್ಟಿತೆಂಬುದೇ ಮುಖ್ಯಾರ್ಥ. ಹೀಗಿರಲಾಗಿ ಮೂರು ಅಂಗಗಳಿಗೂ ವೃಂತವೊಂದನ್ನೇ ಮೂಲಪದವಾಗಿಟ್ಟು ಪರ್ಣವೃಂತ, ಪುಷ್ಪವೃಂತ, ಪುಷ್ಪಮಂಜರಿವೃಂತವೆಂದು ಸಮಾಸಗಳನ್ನು ಬೆಳೆಸುವ ಕ್ರಮವು ವಿಚಾರಾರ್ಹವಾಗಿದೆ.

ವೈದ್ಯರೂ ಕಥೆಗಾರರೂ ಆಗಿದ್ದ ಬೆಸಗರಹಳ್ಳಿ ರಾಮಣ್ಣನವರ ಹೆಸರಿನಿಂದ ಕನ್ನಡ ವಾಚಕರಿಗೆ ಪರಿಚಿತವಾದ ಬೆಸಗರಹಳ್ಳಿಯು ಮದ್ದೂರು ಸೀಮೆಯದು. ರಾಗಿ, ಭತ್ತ, ಕಬ್ಬು, ತೆಂಗುಗಳ ನಾಡಿನದು. ಇಂಥ ನಾಡಿನ ಬೇಸಾಯಗಾರರ ಮಾತಿನಲ್ಲಿ ಈ ಅಂಗಗಳ ಭೇದವು ಮಸುಕಾಗಿಲ್ಲ. ವೀಳ್ಯದೆಲೆಗೆ ಇರುವುದು ತೊಟ್ಟು. ಅದನ್ನು ಮುರಿದು ಸುಣ್ಣ ಹಚ್ಚುವರು. ಮಾವಿನಕಾಯಿಯನ್ನು ತೊಟ್ಟುಸಹಿತ ಕೀಳುವರು. ಇಲ್ಲವಾದರೆ ಸೊನೆಯೊಸರಿ ಸಿಪ್ಪೆ ಸುಡುವುದು. ಕಬ್ಬಿಗೆ ಜಲ್ಲೆ, ರಾಗಿಗೆ ತೆನೆ. ಬಾಳೆಯಲ್ಲಿ ಹೊರಗಿನದು ಪಟ್ಟೆ, ಒಳಗಿನದು ದಿಂಡು. ಮರದ ಬೊಡ್ಡೆಯಂತೆ ಕಾಣುವ ಭಾಗವು ಒಂದರೊಳಗೊಂದು ಸುತ್ತಿಕೊಂಡ ಎಲೆಯ ಪಟ್ಟೆಗಳೇ ಎಂದೂ, ಗೊನೆಯನ್ನು ಹೊತ್ತು ಅವುಗಳ ನಡುವೆ ಏರಿಬರುವುದೇ ನಿಜವಾದ ಕಾಂಡವೆಂದೂ ಸಸ್ಯಶಾಸ್ತ್ರವು ಹೇಳುತ್ತದೆ. ಪಲ್ಯಕ್ಕೆ ದಿಂಡನ್ನೂ ಹೂ ಕಟ್ಟಲು ಪಟ್ಟೆಯ ನಾರನ್ನೂ ಬಳಸುವ ಗೃಹಿಣಿಯು ಇದೇ ವಿಭಾಗವನ್ನು ದಿನವೂ ಮಾಡುತ್ತಿರುವಳು.

ಆದಕಾರಣ ದೇಶ್ಯಪದಗಳೆಲ್ಲವೂ ನಿರ್ದುಷ್ಟವೆಂದು ತಿಳಿಯುವುದೂ ಯುಕ್ತವಲ್ಲ. ದಂಟಿನ ಸೊಪ್ಪಿನ ದಂಟು ಕಾಂಡ. ಕೆಸುವಿನ ದಂಟು ಎಲೆಯ ತೊಟ್ಟು. ತಾವರೆಯಲ್ಲಿ ಹೂವನ್ನು ಹೊರುವುದೂ ದಂಟೇ. ಅಡಿಗೆಮನೆಗೆ ಈ ಸಂದಿಗ್ಧತೆಯಿಂದ ಬಾಧೆಯಿಲ್ಲ, ಪಾಠಶಾಲೆಗೆ ಬಾಧೆಯುಂಟು. ಸಂಸ್ಕೃತದ ಉಪಕಾರವು ಇಲ್ಲಿಯೇ ವ್ಯಕ್ತವಾಗುವುದು. ರಾಗಿಯ ತೆನೆಯ ಬೆರಳುಗಳ ಮೇಲೆ ಕಿರುದೆನೆಗಳು ತೊಟ್ಟಿಲ್ಲದೆಯೇ ಅಂಟಿಕೊಂಡಿರುವವು. ಈ ಗುಣವನ್ನು ‘ಅವೃಂತ’ವೆಂಬ ಒಂದೇ ವಿಶೇಷಣದಿಂದ ಹೇಳಬಹುದು, ಅಷ್ಟು ಚೊಕ್ಕವಾದ ರೂಪವನ್ನು ತೊಟ್ಟು ಎಂಬ ಪದದಿಂದ ಪಡೆಯುವುದು ಕಷ್ಟ.

ಪ್ರಾಣಿಶಾಸ್ತ್ರಕ್ಕೆ ಬಂದರೆ ತೊಡಕು ಹೆಚ್ಚುತ್ತದೆ. ಇರುವೆಯ ಎದೆಗೂ ಹೊಟ್ಟೆಗೂ ನಡುವಣ ಸಣ್ಣ ಭಾಗವನ್ನು ಪಾಶ್ಚಾತ್ಯರು ಪೆಟಿಯೋಲ್ ಎನ್ನುವರು. ಕೀಟದ ಮೀಸೆಯ ಎರಡನೆಯ ಗೆಣ್ಣು ಪೆಡಿಸೆಲ್. ಮೀನಿನ ಬಾಲದ ರೆಕ್ಕೆಗೆ ಮುಂಚಿನ ಕಿರಿದಾದ ಭಾಗವೂ ಮಿದುಳಿನ ಕೆಲವು ತಂತುಕಟ್ಟುಗಳೂ ಪೆಡಂಕಲ್. ಆಕಾರದ ಹೋಲಿಕೆಯೊಂದರಿಂದಲೇ ಹೆಸರು ಗಿಡದಿಂದ ಜಂತುವಿಗೆ ದಾಟಿದೆ. ಪದಕ್ಕೆ ಪದವನ್ನಿಡುವ ಅನುವಾದಕನು ಇರುವೆಗೆ ಪರ್ಣವೃಂತವನ್ನು ಅಂಟಿಸಬೇಕಾದೀತು. ಎಲೆಯೇ ಇಲ್ಲದೆಡೆ ಪರ್ಣವೆಲ್ಲಿಯದು? ಕನ್ನಡಿಗನಿಗೆ ಅದು ಇರುವೆಯ ನಡು. ಏಡಿಯ ಕಣ್ಣನ್ನು ಎತ್ತಿ ಹಿಡಿದಿರುವ ಅಂಗಕ್ಕೆ ಕಣ್ಣಿನ ದಂಟು ಎಂದರೆ ಯಾರಿಗೂ ತಿಳಿಯುತ್ತದೆ. ಮೊಲೆತೊಟ್ಟು ಎಂಬ ಪದವಾದರೋ ಯಾವ ಶಾಸ್ತ್ರಕಾರನೂ ಹೇಳಿಕೊಡದೆಯೇ ಗಿಡದ ಮಾತನ್ನು ದೇಹಕ್ಕೆ ತಂದಿದೆ.

ಇದು ಕೇವಲ ಶಬ್ದವಿಲಾಸದ ಚರ್ಚೆಯಲ್ಲ. ಭತ್ತಕ್ಕೆ ತಗಲುವ ಬೆಂಕಿರೋಗವು ತೆನೆಯ ಬುಡವನ್ನು ಹಿಡಿದಾಗ ಅದನ್ನು ಕುತ್ತಿಗೆ ಬೆಂಕಿರೋಗವೆನ್ನುವರು. ಶಿಲೀಂಧ್ರವು ಆ ಭಾಗವನ್ನು ಕೆಡಿಸಿದರೆ ಆಹಾರವು ಮೇಲೇರದೆ ಕಾಳು ಜೊಳ್ಳಾಗುತ್ತದೆ, ತೆನೆ ಮುರಿದು ಬೀಳುತ್ತದೆ. ‘ಕುತ್ತಿಗೆ’ ಎಂಬ ಹೆಸರಿನಲ್ಲಿಯೇ ಸ್ಥಾನವೂ ಅಪಾಯವೂ ಸೂಚಿತವಾಗಿವೆ. ಅದೇ ಸ್ಥಳವನ್ನು ಪುಷ್ಪಮಂಜರಿವೃಂತವೆಂದು ಮಾತ್ರ ಕಲಿತ ವಿದ್ಯಾರ್ಥಿಯು ಪರೀಕ್ಷೆಯಲ್ಲಿ ಉತ್ತೀರ್ಣನಾಗಿಯೂ ತಂದೆಯ ಗದ್ದೆಯ ಬದುವಿನಲ್ಲಿ ನಿಂತು ರೋಗವನ್ನು ಗುರುತಿಸಲಾರನು. ಕುತ್ತಿಗೆಯನ್ನು ಮಾತ್ರ ಬಲ್ಲ ತಂದೆಯು ಮಗನ ಪುಸ್ತಕವನ್ನು ಓದಲಾರನು. ಒಂದೇ ಮನೆಯಲ್ಲಿ ಎರಡು ಕನ್ನಡಗಳು ಬೆಳೆದರೆ ಶಾಸ್ತ್ರಪ್ರಸಾರದ ಉದ್ದೇಶವೇ ಕೆಡುವುದು.

ಆದುದರಿಂದ ಪರಿಭಾಷೆಯನ್ನು ಲ್ಯಾಟಿನ್ ಪದದ ಮೇಲಲ್ಲ, ಅಂಗದ ಕೆಲಸದ ಮೇಲೆ ನಿಲ್ಲಿಸುವುದು ಉಚಿತವೆಂದು ತೋರುತ್ತದೆ. ಎಲೆ, ಹೂ, ಕಾಯಿಗಳು ಒಂದೊಂದಾಗಿ ಅಂಟಿಕೊಂಡು ಕಳಚುವೆಡೆ ಎಲೆತೊಟ್ಟು, ಹೂತೊಟ್ಟು, ಕಾಯಿತೊಟ್ಟು. ಗೊಂಚಲನ್ನು ಹೊರುವೆಡೆ ದಂಟು. ಎರಡು ಭಾಗಗಳ ನಡುವೆ ಕಿರಿದಾಗುವೆಡೆ ನಡು ಅಥವಾ ಕುತ್ತಿಗೆ. ಕೆಸುವಿನ ದಂಟಿನಂತಹ ರೂಢಿಯನ್ನು ಪುಸ್ತಕವು ಒಮ್ಮೆ ಎತ್ತಿ ಹೇಳಿ ಎಲೆತೊಟ್ಟೆಂದು ತಿದ್ದಿದರೆ ಸಾಕು. ಅವೃಂತ, ಸವೃಂತಗಳಂತಹ ವಿಶೇಷಣಗಳು ಬೇಕಾದಲ್ಲಿ ಮಾತ್ರ ಸಂಸ್ಕೃತವನ್ನು ಕರೆಯಬೇಕು. ಪಾಠ್ಯಪುಸ್ತಕವನ್ನು ರಚಿಸುವವರು ನಿಘಂಟನ್ನು ತೆರೆಯುವ ಮುನ್ನ ಗದ್ದೆಯವರನ್ನೂ ತೋಟದವರನ್ನೂ ಅಡಿಗೆಮನೆಯವರನ್ನೂ ಕೇಳಿ ಪದಗಳನ್ನು ಸಂಗ್ರಹಿಸುವುದು ಒಳ್ಳೆಯದು.