ರೇವನ್ ಯಾರ ಮನೆಯದು?

ಕೆನಡಾದ ಪಶ್ಚಿಮ ಅಂಚಿನ ಹೈಡಾ ಗ್ವಾಯ್ ದ್ವೀಪಗಳಿಗೆ ಹೋದವರ ಕ್ಯಾಮೆರಾ ಮೊದಲು ತಿರುಗುವುದು ಮುಗಿಲೆತ್ತರದ ಸೀಡರ್ ಮರಗಳ ಕಡೆಗೆ, ಹೆಕೇಟ್ ಜಲಸಂಧಿಯ ಮಂಜಿನ ಕಡೆಗೆ. ಅಲ್ಲಿನ ಮೂಲನಿವಾಸಿಗಳಾದ ಹೈಡಾ ಜನರ ಸಾಂಪ್ರದಾಯಿಕ ಕಲೆಯಲ್ಲಿ ಮಾತ್ರ ಇಂಥ ನಿಸರ್ಗದೃಶ್ಯ ಹುಡುಕಿದರೂ ಸಿಗದು. ಅಲ್ಲಿ ಕಡಲೂ ಕಾಡೂ ಪಾತ್ರಗಳಾಗಿಯೇ ಬರುತ್ತವೆ: ಓರ್ಕಾ ತಿಮಿಂಗಿಲ, ಕರಡಿ, ಬೀವರ್, ಹದ್ದು, ರೇವನ್ ಎಂಬ ದೊಡ್ಡ ಕಾಗೆ.

ಈ ಪಾತ್ರಗಳನ್ನು ಕಟ್ಟುವ ಕ್ರಮ ಬಲು ಬಿಗಿಯಾದದ್ದು. ಉಬ್ಬಿ ಸಣ್ಣಗಾಗುತ್ತ ಸಾಗುವ ಕಪ್ಪು ರೇಖೆ ಇಡೀ ದೇಹವನ್ನು ಹೆಣೆಯುತ್ತದೆ. ಒಳಭಾಗಗಳಿಗೆ ಕೆಂಪು ಬಣ್ಣ. ಎರಡು ದೊಡ್ಡ ಬಾಚಿಹಲ್ಲು, ಅಡ್ಡಗೆರೆಗಳ ಬಾಲ ಕಂಡರೆ ಬೀವರ್. ಕೊಕ್ಕು ನೇರವಾಗಿದ್ದರೆ ರೇವನ್, ಬಾಗಿದ್ದರೆ ಹದ್ದು. ಹೈಡಾ ಸಮಾಜ ರೇವನ್ ಮತ್ತು ಹದ್ದು ಎಂಬ ಎರಡು ಪಂಗಡಗಳದ್ದು. ಪ್ರತಿ ಮನೆತನಕ್ಕೂ ತನ್ನದೇ ಲಾಂಛನಗಳು. ಅವುಗಳ ಹಕ್ಕನ್ನು ಪಾಟ್‌ಲ್ಯಾಚ್ ಎಂಬ ಔತಣದಲ್ಲಿ ನೆರೆದವರಿಗೆ ಉಡುಗೊರೆ ಕೊಟ್ಟು, ಅವರನ್ನೇ ಸಾಕ್ಷಿಯಾಗಿಸಿ ಸಾರಬೇಕಿತ್ತು. ಹೊರಗಿನವರ ಕಣ್ಣಿಗೆ ಫ್ಯಾಂಟಸಿಯಾಗಿ ಕಾಣುವುದು ಒಳಗಿನವರಿಗೆ ವಂಶದ ದಾಖಲೆ.

1862ರ ಸಿಡುಬು ಊರೂರನ್ನೇ ಖಾಲಿ ಮಾಡಿತು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಉಳಿದ ಹೈಡಾ ಜನ ಕೆಲವೇ ನೂರು. 1885ರಿಂದ 1951ರವರೆಗೆ ಪಾಟ್‌ಲ್ಯಾಚ್ ಕಾನೂನುಬಾಹಿರವಾಗಿತ್ತು. ಈ ನಡುವೆ 1912ರಲ್ಲಿ ಇಲ್ಲಿಗೆ ಬಂದ ಚಿತ್ರಗಾರ್ತಿ ಎಮಿಲಿ ಕಾರ್ ನಿರ್ಜನ ಊರುಗಳಲ್ಲಿದ್ದ ಲಾಂಛನ ಕೆತ್ತಿದ ಕಂಬಗಳನ್ನು ಚಿತ್ರಿಸಿದರು. ಅವರ 1931ರ 'ಬಿಗ್ ರೇವನ್' ಚಿತ್ರದ ಶಕ್ತಿಯನ್ನು ಅಲ್ಲಗಳೆಯಲಾಗದು: ಅಲೆಯಂತೆ ಏರುವ ಹಸಿರಿನ ನಡುವೆ ಕೆತ್ತಿದ ಒಂಟಿ ಕಾಗೆ. ಆದರೆ ಹೈಡಾ ಕಲೆ ಯಾವುದನ್ನು ಹಿನ್ನೆಲೆಯಾಗಿಸಿರಲಿಲ್ಲವೋ ಆ ಕಾಡು ಇಲ್ಲಿ ನಾಯಕನಾಗಿದೆ. ಲಾಂಛನ ಅಳಿದುಹೋದವರ ಗುರುತಾಗಿ ನಿಂತಿದೆ. ಹೈಡಾ ಜನ ಅಳಿದಿರಲಿಲ್ಲ.

ಹೈಡಾ ಕಲೆಯ ಪುನರುತ್ಥಾನದ ಕಥೆಯಲ್ಲಿ ದೊಡ್ಡ ಹೆಸರು ಶಿಲ್ಪಿ ಬಿಲ್ ರೀಡ್ (1920–1998). ಮೊದಲ ಮನುಷ್ಯರು ಅಡಗಿದ್ದ ಚಿಪ್ಪಿನ ಮೇಲೆ ರೇವನ್ ಕುಳಿತಿರುವ ಅವರ 1980ರ ಮರದ ಶಿಲ್ಪ ವ್ಯಾಂಕೂವರ್‌ನ ಮಾನವಶಾಸ್ತ್ರ ಮ್ಯೂಸಿಯಂನಲ್ಲಿದೆ. ಪಾತ್ರಗಳು ಕಿಕ್ಕಿರಿದ ಅವರ ದೋಣಿಯ ಶಿಲ್ಪ 1991ರಲ್ಲಿ ವಾಷಿಂಗ್ಟನ್‌ನ ಕೆನಡಾ ರಾಯಭಾರ ಕಚೇರಿ ಸೇರಿತು. ಎರಡೂ ಕೆನಡಾದ 2004ರ 20 ಡಾಲರ್ ನೋಟಿನ ಮೇಲೂ ಬಂದವು. ಕಲೆಗೆ ಲೋಕಮನ್ನಣೆ ದಕ್ಕಿತು, ನಿಜ. ಲಾಂಛನಗಳು ಮನೆಯಂಗಳ ಬಿಟ್ಟು ಸರ್ಕಾರದ ಅಲಂಕಾರವಾದದ್ದೂ ಅಷ್ಟೇ ನಿಜ. ರೀಡ್ ಇದನ್ನು ಅರಿಯದವರಲ್ಲ. ದ್ವೀಪಗಳ ಮರ ಕಡಿಯುವುದನ್ನು ವಿರೋಧಿಸಿ ಅವರು ಆ ದೋಣಿಯ ಕೆಲಸವನ್ನೇ ಕೆಲಕಾಲ ನಿಲ್ಲಿಸಿದ್ದರು. ಅವರ ಶಿಲ್ಪಗಳಷ್ಟೇ ತೂಕ ಆ ನಿರಾಕರಣೆಗೂ ಇದೆ ಎಂದು ನನಗನ್ನಿಸುತ್ತದೆ.

ಕಲಾ ಇತಿಹಾಸಕಾರ ಬಿಲ್ ಹೋಮ್ ಅವರ 1965ರ ಗ್ರಂಥ ಈ ಕಲೆಯ ರೇಖೆಯ ನಿಯಮಗಳನ್ನು ಬಿಡಿಸಿಟ್ಟಿತು. ಕಲಿಯುವವರಿಗೆ ಅದು ವರವಾಯಿತು. ಆದರೆ ನಿಯಮ ಪುಸ್ತಕದಲ್ಲಿ ಸಿಕ್ಕಮೇಲೆ ಮನೆತನದ ಒಪ್ಪಿಗೆಯಿಲ್ಲದೆಯೂ ರೇವನ್ ಬರೆಯಬಹುದು. ಅಂಗಡಿಗಳ ಕಪ್, ಟೀಶರ್ಟುಗಳ ಮೇಲಿನ ಎಷ್ಟೋ ಚಿತ್ರಗಳಲ್ಲಿ ರೇಖೆ ಸರಿಯಿದ್ದರೂ ಜೀವವಿಲ್ಲ.

ಇದಕ್ಕೆ ಅತ್ಯಂತ ಜಾಣ ಉತ್ತರ ಹೈಡಾ ಕಲಾವಿದ ಮೈಕಲ್ ನಿಕಾಲ್ ಯಾಹ್‌ಗುಲಾನಾಸ್ ಅವರದು. ಅಮೆರಿಕನ್ ಕಾಮಿಕ್ಸಿನ ಚೌಕಟ್ಟು ಬಿಟ್ಟು ಜಪಾನಿನ ಚಿತ್ರಕಥಾ ಶೈಲಿಯಾದ ಮಾಂಗಾದತ್ತ ತಿರುಗಿದ ಅವರು ತಮ್ಮ ಶೈಲಿಯನ್ನು 'ಹೈಡಾ ಮಾಂಗಾ' ಎಂದು ಕರೆದರು. 2009ರ 'ರೆಡ್' ಕೃತಿಯಲ್ಲಿ ಒಡಹುಟ್ಟಿದವಳನ್ನು ಕಳೆದುಕೊಂಡ ನಾಯಕನ ಸೇಡು ಊರನ್ನೇ ದುರಂತಕ್ಕೆ ಎಳೆಯುತ್ತದೆ. ಪುಟದಲ್ಲಿ ಚೌಕಗಳಿಲ್ಲ, ಕಪ್ಪು ರೇಖೆಯೇ ಒಂದು ಕ್ಷಣವನ್ನು ಇನ್ನೊಂದರಿಂದ ಬೇರ್ಪಡಿಸುತ್ತದೆ. ಪುಟಗಳನ್ನೆಲ್ಲ ಜೋಡಿಸಿದರೆ ಆ ರೇಖೆಗಳೇ ಒಂದು ಬೃಹತ್ ಹೈಡಾ ಚಿತ್ರ. ಬಿಡಿಪುಟದಲ್ಲಿ ಕಥೆಯ ಜಾಡು ತಪ್ಪುವುದುಂಟು. ವೇಗಕ್ಕೆ ಒಗ್ಗಿದ ಓದುಗ ಎಡವುತ್ತಾನೆ. ಆದರೂ ಪರಂಪರೆಯ ವ್ಯಾಕರಣವನ್ನು ನಕಲು ಮಾಡದೆ ಅದರಿಂದ ಕಥನದ ಹೊಸ ಬಗೆಯನ್ನೇ ಹುಟ್ಟಿಸಿದ್ದು ಸಣ್ಣ ಸಾಧನೆಯಲ್ಲ.

2024ರಲ್ಲಿ ಬ್ರಿಟಿಷ್ ಕೊಲಂಬಿಯಾ ಈ ದ್ವೀಪಗಳ ಮೇಲೆ ಹೈಡಾ ಜನರ ಒಡೆತನವನ್ನು ಮಾನ್ಯಮಾಡಿತು. ಪಾತ್ರಗಳ ವಿಷಯದಲ್ಲಿ ಅಂಥ ಸ್ಪಷ್ಟತೆಯಿಲ್ಲ: ಕೃತಿಸ್ವಾಮ್ಯದ ಕಾನೂನು ಒಬ್ಬ ಕರ್ತೃವನ್ನು, ಒಂದು ಅವಧಿಯನ್ನು ಕೇಳುತ್ತದೆ; ಲಾಂಛನಕ್ಕೆ ಎರಡೂ ಇಲ್ಲ. ಹಾಗಾಗಿ ಈ ತೀರದಿಂದ ಸ್ಫೂರ್ತಿ ಪಡೆಯುವ ಗೇಮ್, ಸಿನಿಮಾ ಕಲಾವಿದರು ರೇಖೆಯನ್ನು ಕಲಿಯುವ ಮೊದಲು ಒಪ್ಪಿಗೆ ಕೇಳುವುದನ್ನು ಕಲಿಯಬೇಕು. ಈ ಪರಂಪರೆಯಲ್ಲಿ ಅದು ಶಿಷ್ಟಾಚಾರವಷ್ಟೇ ಅಲ್ಲ, ಕಲೆಯ ಮೊದಲ ನಿಯಮ.