ಬಿದ್ದ ವಿಮಾನಗಳು, ಮತ್ತೆ ಹಾರಿದ ವಿಮಾನಗಳು: ‘ಬ್ಯಾಟಲ್ ಆಫ್ ಬ್ರಿಟನ್’ ಚಿತ್ರ ಬಿಟ್ಟದ್ದು

ಗೈ ಹ್ಯಾಮಿಲ್ಟನ್ ನಿರ್ದೇಶನದ ‘ಬ್ಯಾಟಲ್ ಆಫ್ ಬ್ರಿಟನ್’ (1969) ಚಿತ್ರವನ್ನು ಈ ದೇಶದಲ್ಲಿ ನೆಲೆಸಿರುವ ನಮ್ಮಲ್ಲಿ ಬಹಳ ಜನ ಒಮ್ಮೆಯಾದರೂ ಟೀವಿಯಲ್ಲಿ ನೋಡಿರುತ್ತೇವೆ. ಮಕ್ಕಳಿಗೆ ಶಾಲೆಯಲ್ಲಿ ಎರಡನೆಯ ಮಹಾಯುದ್ಧದ ಪಾಠ ಬಂದಾಗ ನಾವೇ ಕೂರಿಸಿ ತೋರಿಸುವುದೂ ಉಂಟು. ನಾನು ಈ ಚಿತ್ರವನ್ನು ಮೆಚ್ಚುತ್ತೇನೆ. ಕೊನೆಯ ದೊಡ್ಡ ಕಾದಾಟದಲ್ಲಿ ಎಂಜಿನ್ನಿನ ಸದ್ದು, ಗುಂಡಿನ ಸದ್ದು ಎಲ್ಲವನ್ನೂ ಅಡಗಿಸಿ ವಿಲಿಯಂ ವಾಲ್ಟನ್ನರ ಸಂಗೀತವೊಂದನ್ನೇ ಉಳಿಸಿದ ಆ ಕೆಲವು ನಿಮಿಷಗಳಿಗೆ ಸಾಟಿಯಾದದ್ದನ್ನು ಯುದ್ಧದ ಚಿತ್ರಗಳಲ್ಲಿ ನಾನು ಹೆಚ್ಚು ಕಂಡಿಲ್ಲ. ನನ್ನ ತಕರಾರು ಬೇರೆ. ಈ ಚಿತ್ರದಲ್ಲಿ ವಿಮಾನಗಳು ಬೀಳುತ್ತಲೇ ಇರುತ್ತವೆ. ಆದರೂ ಮರುದಿನ ಬೆಳಿಗ್ಗೆ ಮೈದಾನದಲ್ಲಿ ವಿಮಾನಗಳು ನಿಂತಿರುತ್ತವೆ. ಅವು ಎಲ್ಲಿಂದ ಬಂದವು?

1940ರ ಜುಲೈ ತಿಂಗಳಿಂದ ಅಕ್ಟೋಬರ್ ಕೊನೆಯವರೆಗೆ ಬ್ರಿಟನ್ನಿನ ಫೈಟರ್ ಕಮಾಂಡ್ ಸಾವಿರಕ್ಕೂ ಹೆಚ್ಚು ವಿಮಾನಗಳನ್ನು ಕಳೆದುಕೊಂಡಿತು. ಕದನ ಶುರುವಾದಾಗ ಹಾರಲು ಸಿದ್ಧವಿದ್ದವು ಸುಮಾರು ಆರುನೂರು. ಕೂಡಿಸಿ ಕಳೆದರೆ ಕದನ ಮುಗಿಯುವ ಮೊದಲೇ ಮೈದಾನ ಬರಿದಾಗಬೇಕಿತ್ತು. ಹಾಗಾಗಲಿಲ್ಲ, ಕೊರತೆ ಬಿದ್ದದ್ದು ಪೈಲಟ್‌ಗಳಿಗೆ. ಹೊಸ ವಿಮಾನಗಳನ್ನು ಮಾಡುವ ಕಾರ್ಖಾನೆಗಳು ಇದಕ್ಕೆ ಒಂದು ಕಾರಣ, ಅದು ಎಲ್ಲರಿಗೂ ಗೊತ್ತು. ಇನ್ನೊಂದು ಕಾರಣವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಆ ತಿಂಗಳುಗಳಲ್ಲಿ ಫೈಟರ್ ದಳಗಳಿಗೆ ತಲುಪಿದ ವಿಮಾನಗಳಲ್ಲಿ ಸರಿಸುಮಾರು ಮೂರಕ್ಕೊಂದು ರಿಪೇರಿಯಾಗಿ ಬಂದದ್ದು.

ಈ ಕೆಲಸ ಮಾಡಿದ್ದು ಸಿವಿಲಿಯನ್ ರಿಪೇರ್ ಆರ್ಗನೈಸೇಷನ್ ಎಂಬ ವ್ಯವಸ್ಥೆ. ಮೋಟಾರು ಉದ್ಯಮಿ ಲಾರ್ಡ್ ನಫೀಲ್ಡರ ಕೈಯಲ್ಲಿ ಆರಂಭವಾಗಿ, 1940ರ ಮೇ ತಿಂಗಳಲ್ಲಿ ಲಾರ್ಡ್ ಬೀವರ್‌ಬ್ರೂಕರ ವಿಮಾನೋತ್ಪಾದನಾ ಸಚಿವಾಲಯಕ್ಕೆ ಸೇರಿತು. ಇದರ ಒಂದನೆಯ ಘಟಕ ಇದ್ದದ್ದು ಆಕ್ಸ್‌ಫರ್ಡ್ ಪಕ್ಕದ ಕೌಲಿಯಲ್ಲಿ, ಮಾರಿಸ್ ಕಾರಿನ ಕಾರ್ಖಾನೆಯ ಜಾಗದಲ್ಲಿ. ಪೆಟ್ಟು ತಿಂದ ವಿಮಾನಗಳನ್ನು ಮೂರು ದರ್ಜೆ ಮಾಡುತ್ತಿದ್ದರು: ದಳದವರೇ ಸರಿಮಾಡಿಕೊಳ್ಳಬಹುದಾದ್ದು, ರಿಪೇರಿ ಘಟಕಕ್ಕೆ ಸಾಗಿಸಬೇಕಾದ್ದು, ಕೈಬಿಡಬೇಕಾದ್ದು. ಮೂರನೆಯದೂ ಪೂರ್ತಿ ಗುಜರಿಯಲ್ಲ. ಅದರ ಎಂಜಿನ್ನೋ ರೆಕ್ಕೆಯೋ ಇನ್ನೊಂದಕ್ಕೆ ಆಗುತ್ತಿತ್ತು. ಹರಿಕೇನಿನ ಹಿಂಭಾಗ ಕೊಳವೆಯ ಚೌಕಟ್ಟಿನ ಮೇಲೆ ಬಟ್ಟೆ ಎಳೆದು ಮಾಡಿದ್ದು. ಗುಂಡು ತೂರಿಹೋದರೆ ಬಟ್ಟೆಯ ತೇಪೆ ಹಾಕಿ, ಮೇಲೆ ಡೋಪ್ ಬಳಿದರೆ ಮತ್ತೆ ಹಾರುತ್ತಿತ್ತು. ಸ್ಪಿಟ್‌ಫೈರಿನದು ಲೋಹದ ಹೊದಿಕೆ, ಅಷ್ಟು ಸುಲಭವಿರಲಿಲ್ಲ. ನೆಲದ ಲಾಭವೂ ಬ್ರಿಟನ್ನಿಗಿತ್ತು. ಕೆಂಟಿನ ಹೊಲದಲ್ಲಿ ಹೊಟ್ಟೆಯ ಮೇಲೆ ಇಳಿದ ಹರಿಕೇನನ್ನು ಲಾರಿಗೆ ಹೇರಿ ತರಬಹುದು. ಅದೇ ಹೊಲದಲ್ಲಿ ಇಳಿದ ಜರ್ಮನ್ ವಿಮಾನ ಜರ್ಮನರ ಪಾಲಿಗೆ ಮುಗಿದಂತೆಯೇ.

ರಿಪೇರಿ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಚಿತ್ರ ಆರಂಭವಾಗುವ ಜಾಗವೇ, ಅಂದರೆ ಫ್ರಾನ್ಸಿನಿಂದ ಹಿಮ್ಮೆಟ್ಟಿದ ಘಟ್ಟವೇ ಸಾಕ್ಷಿ. ಅಲ್ಲಿ ಹೋರಾಡಿದ 452 ಹರಿಕೇನುಗಳಲ್ಲಿ ಮರಳಿದ್ದು 66. ವೈರಿಯ ಗುಂಡೊಂದೇ ಇದಕ್ಕೆ ಕಾರಣವಲ್ಲ. 178 ವಿಮಾನಗಳನ್ನು ಮೈದಾನಗಳಲ್ಲೇ ಬಿಟ್ಟುಬರಬೇಕಾಯಿತು. ಇನ್ನು ಫೈಟರ್‌ಗಳನ್ನು ಫ್ರಾನ್ಸಿಗೆ ಕಳಿಸಬೇಡಿರೆಂದು ಡೌಡಿಂಗ್ ಬರೆದ ಪತ್ರಕ್ಕೆ ಚಿತ್ರ ತಕ್ಕ ಗೌರವ ಕೊಡುತ್ತದೆ, ಸರಿ. ಆದರೆ ಅದೇ ಡೌಡಿಂಗ್ ಮುಂದಿನ ನಾಲ್ಕು ತಿಂಗಳು ಯಾವುದರ ಮೇಲೆ ನಿಂತರೆಂದು ತೋರಿಸುವುದಿಲ್ಲ. ಪೈಲಟ್‌ಗಳ ಕೆಚ್ಚು, ಲಂಡನ್ನಿನ ಕಡೆ ತಿರುಗಿದ ಜರ್ಮನರ ತಪ್ಪು, ಇವೆರಡೇ ಅದರ ಉತ್ತರ. ಎರಡೂ ನಿಜ, ಎರಡೂ ಸಾಲದು.

ಪೈಲಟ್‌ಗಳ ಮೇಲೆ ಕ್ಯಾಮೆರಾ ನಿಂತದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಸುಟ್ಟ ಮುಖಕ್ಕೆ ಇನ್ನೊಂದು ವಿಮಾನದಿಂದ ಬಿಚ್ಚಿ ತಂದು ಜೋಡಿಸುವ ಬಿಡಿಭಾಗವಿಲ್ಲ. ಆದರೆ ಕೊನೆಯಲ್ಲಿ ಪರದೆಯ ಮೇಲೆ ಯಾವ ದೇಶದ ಪೈಲಟ್‌ಗಳು ಎಷ್ಟು ಎಂಬ ಪಟ್ಟಿ ಬರುತ್ತದಲ್ಲ, ಅಲ್ಲಿ ಪಾನಾ ಹಿಡಿದವರಿಗೆ ಒಂದು ಸಾಲಾದರೂ ಇರಬೇಕಿತ್ತು.

ತಮಾಷೆಯೆಂದರೆ ಈ ಚಿತ್ರ ತಯಾರಾದದ್ದೇ ರಿಪೇರಿಯಿಂದ. ಹ್ಯಾಮಿಶ್ ಮಹಾಡಿ ಎಂಬ ನಿವೃತ್ತ ವಾಯುಪಡೆ ಅಧಿಕಾರಿ ಊರೂರು ಹುಡುಕಿ 27 ಸ್ಪಿಟ್‌ಫೈರ್ ಕೂಡಿಸಿದರು. ಅವುಗಳಲ್ಲಿ 12ನ್ನು ಹಾರುವಂತೆ ಮಾಡಲಾಯಿತು. ಪರದೆಯ ಮೇಲಿನ ‘ಜರ್ಮನ್’ ಮೆಸರ್‌ಶ್ಮಿಟ್‌ಗಳು ಸ್ಪೇನಿನಲ್ಲಿ ತಯಾರಾದವು, ಅವುಗಳ ಮೂತಿಯೊಳಗೆ ಗುಡುಗುವುದು ರೋಲ್ಸ್‌ರಾಯ್ಸ್ ಮರ್ಲಿನ್, ಸ್ಪಿಟ್‌ಫೈರಿನದೇ ಎಂಜಿನ್!

ಚಿತ್ರಕಲೆಯೂ ಇದನ್ನೇ ಮಾಡಿದೆ. ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ ಪಾಲ್ ನ್ಯಾಶರ ‘ಟೋಟೆಸ್ ಮೇರ್’ (1940-41), ಎಂದರೆ ‘ಸತ್ತ ಸಮುದ್ರ’, ಬೆಳದಿಂಗಳಲ್ಲಿ ಅಲೆಗಳಂತೆ ಬಿದ್ದಿರುವ ಜರ್ಮನ್ ವಿಮಾನಗಳ ರಾಶಿಯನ್ನು ತೋರಿಸುತ್ತದೆ. ನ್ಯಾಶ್ ಅದನ್ನು ಕಂಡದ್ದು ಇದೇ ಕೌಲಿಯಲ್ಲಿ. ಅದ್ಭುತ ಕೃತಿ. ಆದರೆ ಅದೇ ಕೌಲಿಯಲ್ಲಿ ಸುತ್ತಿಗೆಯ ಸದ್ದು ಕೇಳಿಬರುತ್ತಿದ್ದ ರಿಪೇರಿ ಘಟಕದ ಕಡೆ ಅವರ ಕುಂಚ ತಿರುಗಲಿಲ್ಲ. ಮುರಿದದ್ದಕ್ಕೆ ಒಂದು ಚೆಲುವಿದೆ, ತೇಪೆಗೆ ಇಲ್ಲವೆಂದು ಕಲಾವಿದರು ನಂಬಿದಂತಿದೆ.

ಇದು ಇಂಗ್ಲೆಂಡಿನ ಮಾತಾಯಿತು. ಯುದ್ಧ ಬರ್ಮಾ ಗಡಿಯವರೆಗೆ ಹಬ್ಬಿ ವರ್ಷಗಟ್ಟಲೆ ಎಳೆದಾಗ ಇಂಥದ್ದೇ ಕೆಲಸ ನಮ್ಮ ಬೆಂಗಳೂರಿಗೆ ಬಂತು. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ವಿಮಾನ ಕಟ್ಟಲೆಂದು ಹುಟ್ಟಿದ್ದು. 1943ರಲ್ಲಿ ಅದರ ಆಡಳಿತ ಅಮೆರಿಕದ ಸೇನಾ ವಾಯುಪಡೆಗೆ ಹೋಯಿತು, ಮುಖ್ಯ ಕಸುಬು ರಿಪೇರಿ ಮತ್ತು ಓವರ್‌ಹಾಲ್ ಆಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. (ಇಂದಿನ ಬೆಳ್ಳಂದೂರು ಕೆರೆಯನ್ನು ಕಂಡವರಿಗೆ ನಂಬಿಕೆ ಬರಲಿಕ್ಕಿಲ್ಲ.)

ಯುದ್ಧ ಮುಗಿದ ಮೇಲಿನ ಕೆಲಸ ಇನ್ನೂ ಸ್ವಾರಸ್ಯದ್ದು. ಅಮೆರಿಕದಿಂದ ಕಡವಾಗಿ ಬಂದ ಲಿಬರೇಟರ್ ಬಾಂಬರುಗಳನ್ನು ಬ್ರಿಟಿಷರು ಕಾನ್ಪುರದಲ್ಲಿ ಬಿಟ್ಟುಹೋದರು. ಮತ್ತೆ ಯಾರೂ ಹಾರಿಸದಿರಲೆಂದು ಬೇಕೆಂದೇ ಕೆಡಿಸಿಯೂ ಹೋದರು. 1948ರಲ್ಲಿ ಎಚ್‌ಎಎಲ್‌ನವರು ಅಲ್ಲಿಗೆ ಹೋಗಿ, ಹಾರುವಷ್ಟು ಮಾತ್ರ ಸರಿಮಾಡಿ, ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಪೈಲಟ್ ಜಿಮ್ಮಿ ಮುನ್ಷಿ. ಬೆಂಗಳೂರಿನಲ್ಲಿ ಪೂರ್ತಿ ಬಿಚ್ಚಿ ಕಟ್ಟಿದ ಸುಮಾರು 40 ಲಿಬರೇಟರುಗಳು ಭಾರತೀಯ ವಾಯುಪಡೆಯಲ್ಲಿ 1968ರವರೆಗೆ ದುಡಿದವು. ಗುಜರಿಯೆಂದು ಬಿಟ್ಟ ಯಂತ್ರಕ್ಕೆ ಇಪ್ಪತ್ತು ವರ್ಷದ ಆಯುಸ್ಸು! ಇಂದು ಜಗತ್ತಿನಲ್ಲಿ ಉಳಿದಿರುವ ಬೆರಳೆಣಿಕೆಯ ಲಿಬರೇಟರುಗಳಲ್ಲಿ ಹಲವು ಭಾರತದಿಂದ ಹೋದವು.

ಅವುಗಳಲ್ಲೊಂದು ಲಂಡನ್ನಿನ ಹೆಂಡನ್‌ನಲ್ಲಿರುವ ಆರ್‌ಎಎಫ್ ಮ್ಯೂಸಿಯಮ್ಮಿನಲ್ಲಿದೆ. 1974ರಲ್ಲಿ ಭಾರತದಿಂದ ಬಂದದ್ದು. ಅದರ ಮೈಮೇಲಿರುವುದು ಆರ್‌ಎಎಫ್ ಸಂಖ್ಯೆ, ಕೆಎನ್ 751. ಭಾರತದಲ್ಲಿ ಹಾರಿದಾಗಿನ ಎಚ್‌ಇ 807 ಅಲ್ಲ. ಬ್ರಿಟಿಷರ ಕೈಯಲ್ಲಿ ಅದು ಹಾರಿದ ಕಾಲಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕಾಲ ಬೆಂಗಳೂರಿನ ಕೆಲಸದಿಂದ ಹಾರಿತು, ಬಣ್ಣ ಮಾತ್ರ ಮೊದಲಿನವರದು. ಚಿತ್ರದ ಬಗ್ಗೆ ನನಗಿರುವ ತಕರಾರೇ ಇಲ್ಲಿಯೂ ಇದೆ. ನಮ್ಮ ಸಂಘದಲ್ಲಿ ಎಚ್‌ಎಎಲ್ ಸೈರನ್ನಿಗೆ ಎದ್ದು, ಫ್ಯಾಕ್ಟರಿ ಬಸ್ಸಿಗೆ ಓಡುವ ಅಪ್ಪಂದಿರನ್ನು ನೋಡಿ ಬೆಳೆದವರಿದ್ದಾರೆ. ಮಕ್ಕಳೊಂದಿಗೆ ಹೆಂಡನ್ನಿಗೆ ಹೋದಾಗ ಸ್ಪಿಟ್‌ಫೈರಿನ ಮುಂದೆ ಫೋಟೋ ಆದ ಮೇಲೆ ಆ ನಾಲ್ಕು ಎಂಜಿನ್ನಿನ ದೊಡ್ಡ ವಿಮಾನದ ಹತ್ತಿರವೂ ಕರೆದೊಯ್ಯಿರಿ. ಪ್ರವೇಶಕ್ಕೆ ಹಣವಿಲ್ಲ.