ವಾಕ್ಯನಿಷ್ಠೆ ಮತ್ತು ಆಕರ್ಷಣೆ: ಕ್ರೈಸ್ತ ಪ್ರಸಂಗಕಲೆಯ ಒಂದು ವಿಮರ್ಶೆ

ಕ್ರೈಸ್ತ ಆರಾಧನೆಯಲ್ಲಿ ಸತ್ಯವೇದದ ಒಂದು ಭಾಗವನ್ನು ಓದಿ, ಅದರ ಅರ್ಥವನ್ನು ಬಿಡಿಸಿ, ಕೇಳುವವರ ಬದುಕಿಗೆ ಅನ್ವಯಿಸಿ ಹೇಳುವ ಭಾಷಣವನ್ನು ಪ್ರಾಟೆಸ್ಟಂಟ್ ಸಭೆಗಳಲ್ಲಿ ಪ್ರಸಂಗವೆಂದೂ ಕಥೋಲಿಕ ಸಭೆಯಲ್ಲಿ ಪ್ರಬೋಧನೆಯೆಂದೂ ಕರೆಯುವುದು ರೂಢಿ. ಈ ಪದ್ಧತಿಯ ಬೇರು ಯೆಹೂದ್ಯ ಪರಂಪರೆಯಲ್ಲಿದೆ. ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಎಜ್ರನು ಮುಂಜಾನೆಯಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಓದುತ್ತಾನೆ, ಲೇವಿಯರು ಜನರಿಗೆ ಅದರ ತಾತ್ಪರ್ಯವನ್ನು ತಿಳಿಸಿಕೊಡುತ್ತಾರೆ, ಜನರು ಮೊದಲು ಅತ್ತು, ಬಳಿಕ ತಮಗೆ ಮಾತು ಅರ್ಥವಾಯಿತೆಂಬ ಕಾರಣಕ್ಕಾಗಿಯೇ ಹಬ್ಬದೂಟಕ್ಕೆ ತೆರಳುತ್ತಾರೆ. ಓದು, ಅರ್ಥ ಮತ್ತು ಭಾವ ಮೂರೂ ಅಲ್ಲಿ ಒಂದೇ ಎಳೆಯಲ್ಲಿ ಹೆಣೆದುಕೊಂಡಿವೆ.

ಇಂದಿನ ಪ್ರಸಂಗಗಳ ಬಗ್ಗೆ ಸಭಿಕರು ಮಾಡುವ ಎರಡು ಆಕ್ಷೇಪಣೆಗಳು ಈ ಎಳೆ ಕಡಿದುಹೋಗಿರುವುದನ್ನು ತೋರಿಸುತ್ತವೆ. ಒಂದು ಬಗೆಯ ಪ್ರಸಂಗವು ವಾಕ್ಯಕ್ಕೆ ನಿಷ್ಠವಾಗಿದ್ದರೂ ನೀರಸವಾಗಿರುತ್ತದೆ. ಇನ್ನೊಂದು ಬಗೆಯದು ಕಥೆ, ಹಾಸ್ಯ, ಸಾಕ್ಷಿಗಳಿಂದ ಮನಸೆಳೆದರೂ ಆರಂಭದಲ್ಲಿ ಓದಿದ ವಾಕ್ಯದ ಹತ್ತಿರ ಮತ್ತೆ ಸುಳಿಯುವುದಿಲ್ಲ. ನಿಷ್ಠೆ ಹೆಚ್ಚಿದಂತೆ ಆಕರ್ಷಣೆ ಕುಗ್ಗುತ್ತದೆಂಬ ನಂಬಿಕೆ ಇದರಿಂದ ಬೇರೂರಿದೆ. ಆದರೆ ಪ್ರಸಂಗಕಲೆಯ ಚರಿತ್ರೆಯನ್ನೂ ಸತ್ಯವೇದದ ರಚನೆಯನ್ನೂ ಪರಿಶೀಲಿಸಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಎರಡೂ ದೋಷಗಳಿಗೆ ಕಾರಣ ಒಂದೇ, ಅದು ಮೂಲಪಾಠವನ್ನು ಅರೆಬರೆಯಾಗಿ ಓದುವುದು.

ಈ ವಿಷಯವನ್ನು ಕ್ರಮಬದ್ಧವಾಗಿ ಚರ್ಚಿಸಿದ ಮೊದಲ ಪ್ರಮುಖ ಕೃತಿ ಅಗಸ್ಟೀನನ ‘ಕ್ರೈಸ್ತ ಬೋಧನೆಯ ಕುರಿತು’. ಮತಾಂತರಕ್ಕೆ ಮುನ್ನ ಮಿಲಾನಿನಲ್ಲಿ ವಾಗ್ಮಿತೆಯ ಅಧ್ಯಾಪಕನಾಗಿದ್ದ ಅಗಸ್ಟೀನನು, ಕಲಿಸುವುದು, ರಂಜಿಸುವುದು, ಮನಸ್ಸನ್ನು ಒಲಿಸಿ ಕ್ರಿಯೆಗೆ ಹಚ್ಚುವುದು ಎಂದು ರೋಮನ್ ವಾಗ್ಮಿ ಸಿಸೆರೊ ಹೇಳಿದ್ದ ಮೂರು ಗುರಿಗಳನ್ನು ಬೋಧಕನಿಗೂ ಅನ್ವಯಿಸಿದನು. ಗಮನಿಸಬೇಕಾದುದು ಆ ಕೃತಿಯ ವಿನ್ಯಾಸ: ನಾಲ್ಕು ಸಂಪುಟಗಳಲ್ಲಿ ಮೊದಲ ಮೂರು ಗ್ರಂಥವನ್ನು ಅರಿಯುವ ಬಗೆಯನ್ನು ವಿವರಿಸಿದರೆ, ಹೇಳುವ ಬಗೆಗೆ ಮೀಸಲಾದುದು ಕೊನೆಯದೊಂದೇ. ವಾಗ್ಮಿತೆಯನ್ನು ತಿರಸ್ಕರಿಸದೆ ಅದನ್ನು ಅರ್ಥಗ್ರಹಣದ ನಂತರದ ಸ್ಥಾನದಲ್ಲಿಟ್ಟ ಈ ಅನುಪಾತವು ಇಂದಿಗೂ ಉತ್ತಮ ಮಾರ್ಗದರ್ಶಿ. ಅವನ ಸಮಕಾಲೀನನಾದ ಯೋಹಾನ ಕ್ರಿಸೊಸ್ತೊಮನಾದರೋ ತನ್ನ ಪ್ರಸಂಗಗಳಿಗೆ ಜನರು ಚಪ್ಪಾಳೆ ತಟ್ಟುವುದನ್ನು ಖಂಡಿಸಿದನು; ಮೆಚ್ಚುಗೆಯ ಸದ್ದಿನಲ್ಲಿ ಬೋಧನೆ ಕರಗಿಹೋಗುವುದೆಂಬುದು ಅವನ ಆತಂಕವಾಗಿತ್ತು.

ಹದಿನಾರನೆಯ ಶತಮಾನದ ಸುಧಾರಣೆಯು ನಿಷ್ಠೆಗೆ ಹೊಸದೊಂದು ಶಿಸ್ತನ್ನು ತಂದಿತು. ಜಿನೀವಾದಿಂದ 1538ರಲ್ಲಿ ಹೊರದೂಡಲ್ಪಟ್ಟ ಸುಧಾರಕ ಕಾಲ್ವಿನನು 1541ರಲ್ಲಿ ಮರಳಿದಾಗ, ತನ್ನನ್ನು ಅಟ್ಟಿದವರ ಬಗ್ಗೆ ಪ್ರಸಂಗ ಮಾಡದೆ, ಹಿಂದೆ ಎಲ್ಲಿ ನಿಲ್ಲಿಸಿದ್ದನೋ ಆ ವಚನದಿಂದಲೇ ವಿವರಣೆಯನ್ನು ಮುಂದುವರಿಸಿದನು. ಒಂದು ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಅನುಕ್ರಮವಾಗಿ ವಿವರಿಸುವ ಈ ಪದ್ಧತಿಯ ದೊಡ್ಡ ಗುಣವೆಂದರೆ, ಬೋಧಕನು ತನಗೆ ಪ್ರಿಯವಾದ ವಾಕ್ಯಗಳನ್ನಷ್ಟೇ ಆರಿಸಿಕೊಳ್ಳದಂತೆ ಅದು ತಡೆಯುತ್ತದೆ. ವಾಚನಗಳನ್ನು ಮೊದಲೇ ಗೊತ್ತುಪಡಿಸಿರುವ ಕಥೋಲಿಕ ಪಂಚಾಂಗವೂ ಇದೇ ಕೆಲಸವನ್ನು ಬೇರೊಂದು ಬಗೆಯಲ್ಲಿ ಮಾಡುತ್ತದೆ. ಆದರೆ ಅನುಕ್ರಮವೇ ನಿಷ್ಠೆಯಲ್ಲ. ಪ್ರತಿ ವಚನಕ್ಕೂ ಟಿಪ್ಪಣಿ ಹೇಳುತ್ತ ಹೋಗಿ, ಇಡೀ ಭಾಗವು ಯಾವ ಮಾತನ್ನು ನಾಟಿಸಲು ಹೊರಟಿದೆಯೆಂಬುದನ್ನೇ ಕೈಬಿಟ್ಟ ಪ್ರಸಂಗವು ಪಾಠಕ್ಕೆ ಹತ್ತಿರವಿದ್ದೂ ಅದಕ್ಕೆ ದೂರವಾಗಿಯೇ ಉಳಿಯುತ್ತದೆ.

ಇಪ್ಪತ್ತನೆಯ ಶತಮಾನದ ಇಬ್ಬರು ಅಮೆರಿಕನ್ ಅಧ್ಯಾಪಕರು ಈ ಕೊರತೆಗೆ ಪರಿಹಾರ ಹುಡುಕಿದರು. ಫ್ರೆಡ್ ಕ್ರ್ಯಾಡಕ್ 1971ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ತೀರ್ಮಾನವನ್ನು ಮೊದಲೇ ಸಾರದೆ, ವಿವರಗಳಿಂದ ತೀರ್ಮಾನದೆಡೆಗೆ ಕೇಳುಗರನ್ನು ಜೊತೆಯಾಗಿ ಕರೆದೊಯ್ಯುವ ಕ್ರಮವನ್ನು ಪ್ರತಿಪಾದಿಸಿದರು. ಹ್ಯಾಡನ್ ರಾಬಿನ್ಸನ್ 1980ರ ತಮ್ಮ ಗ್ರಂಥದಲ್ಲಿ, ಆಯ್ದ ಭಾಗದಿಂದಲೇ ಒಂದು ಮುಖ್ಯ ವಿಚಾರವನ್ನು ಹೊರತೆಗೆದು, ಪ್ರಸಂಗದ ಪ್ರತಿಯೊಂದು ಅಂಶವನ್ನೂ ಅದಕ್ಕೆ ಅಧೀನಗೊಳಿಸಬೇಕೆಂದರು. ಕ್ರ್ಯಾಡಕ್ ಅವರ ಕ್ರಮವು ಕುತೂಹಲವನ್ನು ಉಳಿಸುತ್ತದಾದರೂ, ಅಳತೆ ತಪ್ಪಿದರೆ ಅರ್ಥವನ್ನು ಕೇಳುಗನ ಅನುಭವಕ್ಕೇ ಬಿಟ್ಟುಬಿಡುವ ಅಪಾಯವಿದೆ. ರಾಬಿನ್ಸನ್ ಅವರ ಕ್ರಮವು ಗೊಂದಲವನ್ನು ನಿವಾರಿಸುತ್ತದಾದರೂ, ಕಥೆ, ಕೀರ್ತನೆ, ವಿಲಾಪಗಳನ್ನು ಒಂದೇ ವಾಕ್ಯದ ಸೂತ್ರಕ್ಕೆ ಇಳಿಸುವಾಗ ಅವುಗಳ ಜೀವರಸವನ್ನು ಹಿಂಡಿಬಿಡಬಹುದು. ಪಾಠದ ವಿಚಾರವನ್ನು ಹಿಡಿಯಲು ರಾಬಿನ್ಸನ್ ಅವರನ್ನೂ, ಪಾಠದ ನಡೆಯನ್ನು ಅನುಸರಿಸಲು ಕ್ರ್ಯಾಡಕ್ ಅವರನ್ನೂ ಬಳಸಿಕೊಳ್ಳುವ ಬೋಧಕನೇ ಹೆಚ್ಚು ಸಮರ್ಥನಾಗುತ್ತಾನೆ.

ಇದಕ್ಕೆ ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿನ ಇಬ್ಬರು ಮಕ್ಕಳ ಸಾಮ್ಯವು ಒಳ್ಳೆಯ ನಿದರ್ಶನ. ರೂಢಿಯ ಪ್ರಸಂಗವು ಕಿರಿಯ ಮಗನ ದುಂದುಗಾರಿಕೆ, ಹಸಿವು, ಮರಳುವಿಕೆಗಳನ್ನು ವರ್ಣಿಸಿ ಅಪ್ಪುಗೆಯಲ್ಲಿ ಮುಗಿಯುತ್ತದೆ. ಆದರೆ ಆ ಅಧ್ಯಾಯವು ಆರಂಭವಾಗುವುದು ಸುಂಕದವರೊಂದಿಗೆ ಯೇಸು ಊಟಮಾಡುವುದನ್ನು ಕಂಡು ಗೊಣಗುವ ಫರಿಸಾಯರಿಂದ ಮತ್ತು ಶಾಸ್ತ್ರಿಗಳಿಂದ. ಮುಗಿಯುವುದು ಮನೆಯೊಳಗಿನ ವಾದ್ಯದ ಸದ್ದು ಕೇಳಿ, ಸಿಟ್ಟಿನಿಂದ ಹೊರಗೇ ನಿಂತ ಹಿರಿಯ ಮಗನಲ್ಲಿ. ಅವನು ಮರಳಿ ಬಂದವನನ್ನು ತಮ್ಮನೆನ್ನಲು ಒಪ್ಪದೆ ತಂದೆಯ ಮಗನೆಂದಷ್ಟೇ ಹೇಳುತ್ತಾನೆ. ತಂದೆಯು ತನ್ನ ಉತ್ತರದಲ್ಲಿ ಆ ಸಂಬಂಧವನ್ನು ಮತ್ತೆ ಜೋಡಿಸುತ್ತಾನೆ. ಹಿರಿಯವನು ಒಳಗೆ ಹೋದನೇ ಎಂಬುದನ್ನು ಲೂಕನು ಹೇಳುವುದಿಲ್ಲ. ಆ ಪ್ರಶ್ನೆ ಗೊಣಗಿದವರ ಮುಂದೆ, ಅಂದರೆ ಪ್ರತಿ ಭಾನುವಾರ ತಪ್ಪದೆ ದೇವಾಲಯಕ್ಕೆ ಬರುವ ಸಭಿಕರ ಮುಂದೆಯೂ, ತೆರೆದೇ ಉಳಿಯುತ್ತದೆ. ಇಷ್ಟನ್ನು ಗ್ರಹಿಸಿದ ಬೋಧಕನಿಗೆ ಹೊರಗಿನ ಕಥೆಗಳ ಆಸರೆ ಬೇಕಾಗುವುದಿಲ್ಲ, ಏಕೆಂದರೆ ಕೇಳುಗರನ್ನು ಬೆಚ್ಚಿಸುವ ತಿರುವು ಪಾಠದಲ್ಲಿಯೇ ಇದೆ.

ಇದಕ್ಕೆ ವಿರುದ್ಧವಾದ ನಿದರ್ಶನವನ್ನು ಯೆರೆಮೀಯನ ಗ್ರಂಥದ ಇಪ್ಪತ್ತೊಂಬತ್ತನೆಯ ಅಧ್ಯಾಯದ ಹನ್ನೊಂದನೆಯ ವಚನದ ಬಳಕೆಯಲ್ಲಿ ಕಾಣಬಹುದು. ದೇವರು ತನ್ನ ಜನರ ಹಿತವನ್ನೇ ಯೋಚಿಸುವನೆಂಬ ಆ ಭರವಸೆಯನ್ನು ಪರೀಕ್ಷೆ, ಉದ್ಯೋಗ, ವೀಸಾಗಳ ಯಶಸ್ಸಿನ ವಾಗ್ದಾನವಾಗಿ ಸಾರುವುದು ವ್ಯಾಪಕವಾಗಿದೆ. ಆದರೆ ಅದು ಬಾಬಿಲೋನಿಗೆ ಸೆರೆಹೋದವರಿಗೆ ಬರೆದ ಪತ್ರದ ಮಾತು. ಅದರ ಹಿಂದಿನ ವಚನವೇ ಎಪ್ಪತ್ತು ವರ್ಷಗಳ ಕಾಯುವಿಕೆಯನ್ನು ವಿಧಿಸುತ್ತದೆ, ಅದಕ್ಕೂ ಮುಂಚಿನ ವಚನಗಳು ಶತ್ರುವಿನ ಪಟ್ಟಣದಲ್ಲಿ ಮನೆ ಕಟ್ಟಿಕೊಂಡು ಅದರ ಕ್ಷೇಮಕ್ಕಾಗಿ ಪ್ರಾರ್ಥಿಸಲು ಹೇಳುತ್ತವೆ. ಇಪ್ಪತ್ತೆಂಟನೆಯ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿಯು, ಬಾಬಿಲೋನಿನ ಅಧೀನತೆಯ ಗುರುತಾಗಿ ಯೆರೆಮೀಯನ ಹೆಗಲಿನ ಮೇಲಿದ್ದ ನೊಗವನ್ನು ಜನರೆದುರು ಮುರಿದು, ಎರಡೇ ವರ್ಷಗಳಲ್ಲಿ ಬಿಡುಗಡೆಯೆಂದು ಸಾರಿದ್ದನು. ಮನಸೆಳೆಯುವ ಅಭಿನಯಕ್ಕೂ ಆಕರ್ಷಕ ಸಂದೇಶಕ್ಕೂ ಅಲ್ಲಿ ಕೊರತೆಯಿರಲಿಲ್ಲ, ಕೊರತೆಯಿದ್ದುದು ಸತ್ಯಕ್ಕೆ. ಎಪ್ಪತ್ತು ವರ್ಷಗಳನ್ನು ಬಿಟ್ಟು ಭರವಸೆಯನ್ನು ಮಾತ್ರ ಸಾರುವವನು ಯೆರೆಮೀಯನ ಹೆಸರಿನಲ್ಲಿ ಹನನ್ಯನ ಸಂದೇಶವನ್ನೇ ಹೇಳುತ್ತಾನೆ.

ಕನ್ನಡದ ಸಂದರ್ಭದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಲ್ಲಿ ಉತ್ತಮರಾದವರು ಈ ನೆಲದ ಮಾತಿನ ಬಗೆಯನ್ನು ಶ್ರಮಪಟ್ಟು ಕಲಿತರು. ನಿಘಂಟುಕಾರ ಕಿಟೆಲ್ ಕ್ರಿಸ್ತಚರಿತೆಯನ್ನು ‘ಕಥಾಮಾಲೆ’ಯೆಂಬ ಪದ್ಯಕೃತಿಯಾಗಿ ರಚಿಸಿದರು. ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ, 1949ರ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಉತ್ತಂಗಿ ಚನ್ನಪ್ಪನವರು ಕ್ರೈಸ್ತ ಬೋಧಕರೇ ಆಗಿದ್ದರು. ಇಂಥ ಹಿನ್ನೆಲೆಯಿದ್ದೂ, ಇಂಗ್ಲಿಷಿನಲ್ಲಿ ಸಿದ್ಧವಾದ ಮೂರು ಅಂಶಗಳ ಚೌಕಟ್ಟನ್ನು ಕನ್ನಡಕ್ಕೆ ಇಳಿಸಿ, ಹಳೆಯ ಅನುವಾದದ ಪದಗಳಲ್ಲಿಯೇ ಉದ್ದಕ್ಕೂ ಮಾತನಾಡುವ ಪ್ರಸಂಗಗಳು ಕೇಳುಗರಿಂದ ದೂರ ಉಳಿಯುತ್ತವೆ. ಓದಿದ ವಾಕ್ಯವನ್ನು ಮನೆಮಾತಿನ ಕನ್ನಡದಲ್ಲಿ ಮತ್ತೆ ಹೇಳಲಾಗದ ಬೋಧಕನು ಅದನ್ನು ಪೂರ್ತಿ ಅರ್ಥಮಾಡಿಕೊಂಡಿಲ್ಲವೆಂದೇ ತಿಳಿಯಬೇಕು.

ಪ್ರಸಂಗವೊಂದನ್ನು ಅಳೆಯಲು ಎರಡು ಪ್ರಶ್ನೆಗಳು ಸಾಕು: ಅದೇ ವಾಕ್ಯವನ್ನು ಓದದೆಯೂ ಈ ಪ್ರಸಂಗವನ್ನು ಮಾಡಬಹುದಿತ್ತೇ, ಮತ್ತು ಕೇಳಿದವರು ಮನೆಗೆ ಹೋಗಿ ಆ ಭಾಗವನ್ನು ತಾವೇ ಓದಿದರೆ ಪ್ರಸಂಗದಲ್ಲಿ ಕೇಳಿದ್ದು ಅಲ್ಲಿ ಕಾಣುತ್ತದೆಯೇ? ಮೊದಲನೆಯದಕ್ಕೆ ಹೌದು ಎಂಬ ಉತ್ತರ ಬಂದರೆ ಆ ಪ್ರಸಂಗದ ಆಕರ್ಷಣೆ ವ್ಯರ್ಥ. ಎರಡನೆಯದಕ್ಕೆ ಹೌದು ಎಂಬ ಉತ್ತರ ಬಂದರೆ ಅದರ ನಿಷ್ಠೆ ಸಾರ್ಥಕ. ಸಭೆಗಳು ತಮ್ಮ ಬೋಧಕರಿಂದ ಹೊಸ ಹೊಸ ಕಥೆಗಳನ್ನು ಬಯಸುವ ಬದಲು ಅವರಿಗೆ ಅಧ್ಯಯನದ ಬಿಡುವನ್ನು ಒದಗಿಸಬೇಕು. ಬೋಧಕರು ಆ ಬಿಡುವನ್ನು ವಾಕ್ಯದ ಮುಂದೆಯೇ ಕಳೆಯಬೇಕು.